ಆರು ಅಕ್ಕತಂಗಿಯರ ಮನೆ: ರಾಜಕೀಯ ಉಗ್ರವಾದ ಒಡೆದ ಒಂದು ಕುಟುಂಬದ ಪ್ರಕರಣ

ಈ ಕುಟುಂಬದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದೇನೂ ಗುಟ್ಟಲ್ಲ. ಇಪ್ಪತ್ತನೆಯ ಶತಮಾನದ ಬ್ರಿಟನ್ನಿನ ಇತಿಹಾಸ ಓದಿದವರು ಒಂದೆರಡು ಪ್ಯಾರಾ ದಾಟುವುದರೊಳಗೆ ಗುರುತು ಹಿಡಿಯುತ್ತಾರೆ. ಆದರೆ ಆ ಹೆಸರಿನ ಸುತ್ತ ಈಗ ದಂತಕಥೆ ದಟ್ಟವಾಗಿ ಬೆಳೆದಿದೆ. ಹೆಸರು ಹೇಳಿದ ಕೂಡಲೇ ಮನಸ್ಸು ಬಂಗಲೆ, ಬೇಟೆನಾಯಿ, ಚೆಲುವೆಯರ ಭಾವಚಿತ್ರಗಳ ಕಡೆ ಓಡುತ್ತದೆ. ಯಾರು, ಯಾವ ಗಳಿಗೆಯಲ್ಲಿ, ಏನನ್ನು ನಿರ್ಧರಿಸಿದರು ಎಂಬುದು ಮರೆಗೆ ಸರಿಯುತ್ತದೆ. ನನಗೆ ಬೇಕಾಗಿರುವುದು ಆ ನಿರ್ಧಾರಗಳೇ. ಹಾಗಾಗಿ ಸಹೋದರಿಯರನ್ನು ಹುಟ್ಟಿದ ಕ್ರಮದಲ್ಲಿ ಹಿರಿಯಳು, ಎರಡನೆಯವಳು, ಮೂರನೆಯವಳು, ನಾಲ್ಕನೆಯವಳು, ಐದನೆಯವಳು, ಕಿರಿಯಳು ಎಂದೇ ಕರೆಯುತ್ತೇನೆ. ಅವರ ಗಂಡಂದಿರಿಗೂ ಹೆಸರಿಲ್ಲ. ಹಿಟ್ಲರ್, ಚರ್ಚಿಲ್ ಮುಂತಾದವರ ಹೆಸರನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಹಿನ್ನೆಲೆ

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಹಳ್ಳಿಗಾಡಿನಲ್ಲಿ ನೆಲೆಸಿದ್ದ ಮನೆತನ. ತಂದೆ ಬ್ಯಾರನ್ ಪದವಿಯವರು. 1916ರಲ್ಲಿ ಆ ಪದವಿ ಅವರಿಗೆ ಪಿತ್ರಾರ್ಜಿತವಾಗಿ ಬಂತು, ಅದರೊಂದಿಗೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಒಂದು ಪೀಠ. 1904ರಿಂದ 1920ರ ನಡುವೆ ಏಳು ಮಕ್ಕಳು ಹುಟ್ಟಿದರು, ಆರು ಹೆಣ್ಣು, ಒಂದು ಗಂಡು. ಆಸ್ತಿಯಿತ್ತು, ಆದರೆ ಅದು ಕರಗುತ್ತಿತ್ತು. ಯುದ್ಧದ ನಂತರ ದೊಡ್ಡ ಎಸ್ಟೇಟು ಮಾರಾಟವಾಯಿತು. ಅಲ್ಲಿಂದ ಇನ್ನೊಂದು ಮನೆ, ಅದನ್ನೂ ಬಿಟ್ಟು ತಂದೆ ತಾವೇ ಕಟ್ಟಿಸಿದ ಮತ್ತೊಂದು ಮನೆ. ಆ ಮನೆಯನ್ನು ಮಕ್ಕಳಲ್ಲಿ ಬಹುತೇಕರು ಇಷ್ಟಪಡಲಿಲ್ಲ.

ಗಂಡುಮಗ ಈಟನ್ ಶಾಲೆಗೆ ಹೋದ. ಹೆಣ್ಣುಮಕ್ಕಳಿಗೆ ಮೊದಲು ತಾಯಿಯ ಪಾಠ, ಆಮೇಲೆ ಗೃಹಶಿಕ್ಷಕಿಯರು. ಹಿರಿಯಳು, ನಾಲ್ಕನೆಯವಳು ಸ್ವಲ್ಪ ಕಾಲ ಶಾಲೆ ಕಂಡರು, ಅಷ್ಟೇ. ಐದನೆಯವಳು ವಿಜ್ಞಾನ ಕಲಿಯಬೇಕೆಂದು ಸೈಕಲ್ ತುಳಿದು ಪಕ್ಕದ ಊರಿನ ಶಾಲೆಗೆ ತಾನೇ ಹೋಗಿ ಮುಖ್ಯೋಪಾಧ್ಯಾಯರನ್ನು ಕಂಡು ಬಂದಳು. ಅವರು ಸೇರಿಸಿಕೊಳ್ಳಲು ಒಪ್ಪುವವರಿದ್ದರು, ತಾಯಿ ಒಪ್ಪಲಿಲ್ಲ. ಅವಳು ಆ ನಿರಾಕರಣೆಯನ್ನು ಮುದುಕಿಯಾದ ಮೇಲೂ ಮರೆಯಲಿಲ್ಲ. ಹನ್ನೆರಡರ ಆಸುಪಾಸಿನಲ್ಲೇ ಲಂಡನ್ನಿನ ಬ್ಯಾಂಕೊಂದರಲ್ಲಿ ಖಾತೆ ತೆರೆದು, ಕೈಗೆ ಬಂದ ಪುಡಿಗಾಸನ್ನೆಲ್ಲ ‘ಮನೆ ಬಿಟ್ಟು ಓಡಿಹೋಗುವ ನಿಧಿ’ ಎಂದು ಕೂಡಿಡುತ್ತ ಬಂದಳು. ಮನೆಯವರಿಗೆಲ್ಲ ಈ ಖಾತೆಯ ವಿಷಯ ಗೊತ್ತಿತ್ತು. ಅದು ಎಲ್ಲರ ಪಾಲಿಗೆ ಒಂದು ತಮಾಷೆಯಾಗಿತ್ತು.

ತಮಾಷೆ ಈ ಮನೆಯ ಉಸಿರು. ಪ್ರತಿಯೊಬ್ಬರಿಗೂ ನಾಲ್ಕಾರು ಅಡ್ಡಹೆಸರು. ನಾಲ್ಕನೆಯವಳು ಮತ್ತು ಐದನೆಯವಳು ಸೇರಿ ತಮ್ಮದೇ ಒಂದು ಗುಪ್ತ ಭಾಷೆ ಕಟ್ಟಿಕೊಂಡಿದ್ದರು. ಐದನೆಯವಳು ಮತ್ತು ಕಿರಿಯಳಿಗೆ ಇನ್ನೊಂದು. ತಂದೆಯ ಗುಡುಗು ಕೂಡ ಮಕ್ಕಳಿಗೆ ನಾಟಕದ ಹಾಗೆ. ಮೊದಲ ಮಹಾಯುದ್ಧದಲ್ಲಿ ಅವರು ಜರ್ಮನ್ನರನ್ನು ಕೊಂದರೆನ್ನಲಾದ ಅಗೆಯುವ ಸಲಕರಣೆ ಅಗ್ಗಿಷ್ಟಿಕೆಯ ಮೇಲೆ ನೇತಾಡುತ್ತಿತ್ತು. ಗಟ್ಟಿಯಾಗಿ ಏನನ್ನಾದರೂ ಹೇಳುವುದು, ಅದನ್ನು ಕೇಳಿ ಉಳಿದವರು ನಗುವುದು, ನಗು ಬರದಿದ್ದರೆ ಇನ್ನೂ ಗಟ್ಟಿಯಾಗಿ ಹೇಳುವುದು ಅಲ್ಲಿಯ ರೂಢಿ. ಇಂಥ ಮನೆಯಲ್ಲಿ ಯಾರಾದರೂ ನಿಜಕ್ಕೂ ಏನನ್ನೋ ನಂಬತೊಡಗಿದರೆ ಗೊತ್ತಾಗುವುದು ಹೇಗೆ?

ಬಿರುಕು

1929ರ ಆರ್ಥಿಕ ಕುಸಿತದ ನಂತರ ಬ್ರಿಟನ್ನಿನಲ್ಲಿ ನಿರುದ್ಯೋಗಿಗಳ ಸಂಖ್ಯೆ ಮೂವತ್ತು ಲಕ್ಷದ ಹತ್ತಿರ ಬಂದಿತ್ತು. ಹಳೆಯ ಪಕ್ಷಗಳ ಮೇಲೆ ನಂಬಿಕೆ ಉಳಿದಿರಲಿಲ್ಲ. ಲೇಬರ್ ಸರ್ಕಾರದಲ್ಲಿ ಸಚಿವನಾಗಿದ್ದು ಹೊರಬಂದ ಒಬ್ಬ ಮಾತುಗಾರ 1932ರಲ್ಲಿ ಬ್ರಿಟಿಷ್ ಫ್ಯಾಸಿಸ್ಟರ ಒಕ್ಕೂಟವನ್ನು ಕಟ್ಟಿದ. ಅವನೂ ಶ್ರೀಮಂತ ವಂಶದವನೇ. ಮೂರನೆಯವಳು, ಆರು ಜನರಲ್ಲಿ ಚೆಲುವೆಯೆಂದು ಹೆಸರಾದವಳು, ಅದೇ ವರ್ಷ ಅವನನ್ನು ಕಂಡಳು. ಅವಳಿಗೆ ಆಗಲೇ ಮದುವೆಯಾಗಿ ಮೂರು ವರ್ಷ, ಗಂಡ ದೊಡ್ಡ ಮದ್ಯ ತಯಾರಿಕೆಯ ಮನೆತನದವನು, ಇಬ್ಬರು ಗಂಡುಮಕ್ಕಳು. ಆ ನಾಯಕನಿಗೂ ಹೆಂಡತಿ ಮಕ್ಕಳಿದ್ದರು. ಮೂರನೆಯವಳು ಗಂಡನನ್ನು ಬಿಟ್ಟು ಲಂಡನ್ನಿನಲ್ಲಿ ಬೇರೆ ಮನೆ ಹಿಡಿದಳು.

ತಂದೆತಾಯಿ ಕೆಂಡವಾದರು. ತಂಗಿಯರು ಅವಳ ಮನೆಯ ಹೊಸ್ತಿಲು ತುಳಿಯಕೂಡದೆಂದು ಕಟ್ಟಪ್ಪಣೆಯಾಯಿತು. ಮೊದಲ ತಿರುವು ಎಂದು ನಾನು ಗುರುತಿಸುವುದು ಇದನ್ನೇ. ಆ ಅಪ್ಪಣೆಗೆ ಕಾರಣ ಅವಳ ಪ್ರಿಯಕರನ ರಾಜಕೀಯವಾಗಿರಲಿಲ್ಲ, ವಿಚ್ಛೇದನವಾಗಿತ್ತು. ಮೂರನೆಯವಳ ಅಪರಾಧ ಮಾನಗೇಡಿತನ; ಅವಳು ಯಾವ ವಿಚಾರಕ್ಕೆ ತನ್ನನ್ನು ಒಪ್ಪಿಸಿಕೊಂಡಳು ಎಂದು ಯಾರೂ ಕೇಳಲಿಲ್ಲ. ಹದಿನೆಂಟು ದಾಟಿದ್ದ ನಾಲ್ಕನೆಯವಳು ಅಪ್ಪಣೆಯನ್ನು ಮೀರಿ ಕದ್ದು ಅಕ್ಕನ ಮನೆಗೆ ಹೋದಳು. ಅಲ್ಲಿ ಆ ನಾಯಕನ ಪರಿಚಯವಾಯಿತು, 1933ರಲ್ಲಿ ಅವಳು ಪಕ್ಷ ಸೇರಿದಳು. ಮನೆಯಲ್ಲಿ ಹೇಳಿಕೊಳ್ಳುವಂತಿಲ್ಲದ ಭೇಟಿಗಳಾದ್ದರಿಂದ ಅಲ್ಲಿ ಕೇಳಿದ ಮಾತಿಗೆ ಎದುರುಮಾತು ಹೇಳುವವರೂ ಇರಲಿಲ್ಲ.

ಅದೇ ವರ್ಷ ಅಕ್ಕತಂಗಿ ಇಬ್ಬರೂ ನ್ಯೂರೆಂಬರ್ಗಿನ ನಾಜಿ ಸಮಾವೇಶಕ್ಕೆ ಹೋಗಿ ಬಂದರು. ತಂದೆ ಮೂರನೆಯವಳಿಗೆ ಬರೆದ ಪತ್ರ ಉಳಿದಿದೆ: ತಾವು ಕೊಲೆಗಡುಕರ ತಂಡವೆಂದು ಭಾವಿಸುವವರ ಆತಿಥ್ಯವನ್ನು ಮಕ್ಕಳು ಸ್ವೀಕರಿಸಿದ್ದು ತಿಳಿದು ಅವರಿಗೆ ದಿಗಿಲಾಗಿತ್ತು. ಕುಟುಂಬದ ಯಾರೊಬ್ಬರಿಂದಲಾದರೂ ಬಂದ ಅತ್ಯಂತ ಸ್ಪಷ್ಟವಾದ ರಾಜಕೀಯ ಎಚ್ಚರಿಕೆ ಅದು. ಅದರ ಆಯುಸ್ಸು ಎರಡು ವರ್ಷ ಕೂಡ ಇರಲಿಲ್ಲ.

1934ರಲ್ಲಿ ನಾಲ್ಕನೆಯವಳು ಜರ್ಮನ್ ಕಲಿಯುತ್ತೇನೆಂದು ಮ್ಯೂನಿಕ್‌ಗೆ ಹೊರಟಾಗ ಖರ್ಚು ಕೊಟ್ಟವರು ಇದೇ ತಂದೆತಾಯಿ. ಆ ಕಾಲದ ಸಿರಿವಂತರ ಮನೆಗಳಲ್ಲಿ ಹುಡುಗಿಯರನ್ನು ಒಂದೆರಡು ವರ್ಷ ಜರ್ಮನಿಗೋ ಫ್ರಾನ್ಸಿಗೋ ಕಳುಹಿಸುವುದು ವಾಡಿಕೆಯಾಗಿತ್ತು, ಹಾಗಾಗಿ ಅದು ಮರ್ಯಾದೆಯ ಚೌಕಟ್ಟಿನೊಳಗೇ ಇತ್ತು. ಹಿಟ್ಲರ್ ಊಟಕ್ಕೆ ಬರುತ್ತಿದ್ದ ಆಸ್ಟೀರಿಯಾ ಬವಾರಿಯಾ ಎಂಬ ಹೋಟೆಲಿನಲ್ಲಿ ಅವಳು ದಿನವೂ ಕುಳಿತು ಕಾದಳು. 1935ರ ಫೆಬ್ರವರಿ 9ರಂದು ಅವನು ತನ್ನ ಮೇಜಿಗೆ ಕರೆಸಿಕೊಂಡ. ಮುಂದಿನ ನಾಲ್ಕು ವರ್ಷಗಳಲ್ಲಿ ನೂರಕ್ಕೂ ಹೆಚ್ಚು ಬಾರಿ ಭೇಟಿಯಾದರು. ಆ ವರ್ಷವೇ ಅವಳು ಯಹೂದಿ ದ್ವೇಷವನ್ನೇ ಬಂಡವಾಳ ಮಾಡಿಕೊಂಡಿದ್ದ ‘ಡೇರ್ ಸ್ಟುರ್ಮರ್’ ಪತ್ರಿಕೆಗೆ ಪತ್ರ ಬರೆದು, ತಾನು ಯಹೂದಿ ದ್ವೇಷಿ ಎಂಬುದು ಎಲ್ಲರಿಗೂ ತಿಳಿಯಲೆಂದು ಪೂರ್ಣ ಹೆಸರಿನ ಸಹಿ ಹಾಕಿದಳು. ಇದನ್ನು ಎಳೆಯ ಹುಡುಗಿಯ ಹುಚ್ಚಾಟವೆಂದು ತಳ್ಳಿಹಾಕುವವರು ಈಗಲೂ ಇದ್ದಾರೆ. ಇಪ್ಪತ್ತು ತುಂಬಿದವಳು ಬೇಕೆಂದೇ ಪೂರ್ಣ ಹೆಸರು ಹಾಕಿ ಬರೆದದ್ದನ್ನು ಹುಚ್ಚಾಟವೆನ್ನಲು ನನಗೆ ಮನಸ್ಸಿಲ್ಲ.

ಮಗಳನ್ನು ನೋಡಲೆಂದು ಜರ್ಮನಿಗೆ ಹೋದ ತಾಯಿ ಹಿಟ್ಲರನ ಚಹಾಕೂಟದಲ್ಲಿ ಕುಳಿತು ಮೆಚ್ಚಿ ಬಂದರು. ತಂದೆಯೂ ಕ್ರಮೇಣ ಕರಗಿದರು. ಜರ್ಮನ್ನರನ್ನು ಕೊಂದ ಸಲಕರಣೆಯನ್ನು ಗೋಡೆಗೆ ತೂಗುಹಾಕಿದ್ದ ಅದೇ ವ್ಯಕ್ತಿ 1938ರಲ್ಲಿ, ಆಸ್ಟ್ರಿಯಾವನ್ನು ಹಿಟ್ಲರ್ ನುಂಗಿದ್ದನ್ನು ಲಾರ್ಡ್ಸ್ ಸಭೆಯಲ್ಲಿ ಸಮರ್ಥಿಸಿ ಮಾತನಾಡಿದರು. ಮಕ್ಕಳನ್ನು ತಿದ್ದಲು ಹೋದ ಹಿರಿಯರನ್ನು ಮಕ್ಕಳೇ ತಮ್ಮ ಕಡೆಗೆ ಎಳೆದುಕೊಂಡರು. ಉಗ್ರವಾದವೆಂದರೆ ದಾರಿ ತಪ್ಪಿದ ಕಿರಿಯರ ಸಮಸ್ಯೆ ಎಂದು ತಿಳಿಯುವವರು ಈ ಭಾಗವನ್ನು ಎರಡು ಬಾರಿ ಓದಬೇಕು. ಆ ಕಾಲದ ಬ್ರಿಟಿಷ್ ಶ್ರೀಮಂತ ವಲಯದಲ್ಲಿ ಕಮ್ಯುನಿಸ್ಟರ ಭಯ ಎಷ್ಟಿತ್ತೆಂದರೆ ಹಿಟ್ಲರ್ ಅವರಿಗೆ ಒಂದು ಬೇಲಿಯ ಹಾಗೆ ಕಂಡ. ಅಂಥ ವಲಯದಲ್ಲಿ ಮಗಳ ಮಾತು ವಿಚಿತ್ರವೆನಿಸಲಿಲ್ಲ, ಸ್ವಲ್ಪ ಜೋರೆನಿಸಿತು, ಅಷ್ಟೇ.

ಒಂದೇ ಕೋಣೆಯ ಎರಡು ಪಕ್ಷ

ಐದನೆಯವಳ ದಾರಿ ಬೇರೆಯಾಯಿತು. ಯುದ್ಧವಿರೋಧಿ ಸಾಹಿತ್ಯ, ನಾಜಿಗಳ ಹಿಂಸೆಯ ವರದಿಗಳು, ಎಡಪಂಥೀಯ ಪತ್ರಿಕೆಗಳು ಅವಳ ಕೈಗೆ ಸಿಕ್ಕವು. ನಿರುದ್ಯೋಗಿಗಳ ಹಸಿವಿನ ಮೆರವಣಿಗೆಗಳ ಸುದ್ದಿ ಓದಿದಳು. ತನ್ನ ಮನೆಯ ಸೊಗಸಿಗೂ ಊರಿನ ಬಡವರ ಗುಡಿಸಲಿಗೂ ಇರುವ ಅಂತರ ಅವಳಿಗೆ ಕಣ್ಣಿಗೆ ಹೊಡೆಯತೊಡಗಿತು. ಅವಳೂ ನಾಲ್ಕನೆಯವಳೂ ಹಂಚಿಕೊಂಡಿದ್ದ ಕೋಣೆಯನ್ನು ಇಬ್ಬರೂ ಭಾಗಮಾಡಿಕೊಂಡರು. ಒಂದು ಕಡೆ ನಾಜಿ ಚಿಹ್ನೆ, ಹಿಟ್ಲರನ ಚಿತ್ರ. ಇನ್ನೊಂದು ಕಡೆ ಲೆನಿನ್ನನ ಪ್ರತಿಮೆ, ಎಡಪಂಥದ ಪತ್ರಿಕೆಯ ಹಳೆಯ ಸಂಚಿಕೆಗಳು. ಕಿಟಕಿಯ ಗಾಜಿನ ಮೇಲೆ ವಜ್ರದುಂಗುರದಿಂದ ಒಬ್ಬಳು ಸ್ವಸ್ತಿಕ ಕೊರೆದರೆ ಇನ್ನೊಬ್ಬಳು ಸುತ್ತಿಗೆ ಕುಡುಗೋಲು ಕೊರೆದಳು. ಕುರ್ಚಿಗಳನ್ನು ಅಡ್ಡಗಟ್ಟಿ ಕಾದಾಡಿದರು, ಆಮೇಲೆ ಒಟ್ಟಿಗೆ ಕುಳಿತು ನಕ್ಕರು. ಮನೆಯ ಉಳಿದವರೂ ನಕ್ಕರು.

ಈ ಕೋಣೆಯ ಕಥೆಯನ್ನು ಎಲ್ಲರೂ ಮುದ್ದಾಗಿ ಹೇಳುತ್ತಾರೆ. ನನಗೆ ಇಲ್ಲಿ ಮುಖ್ಯವೆನಿಸುವುದು ಬೇರೆ ಸಂಗತಿ. ಈ ಇಬ್ಬರೂ ಕೊನೆಯವರೆಗೆ ಒಬ್ಬರನ್ನೊಬ್ಬರು ಬಿಡಲಿಲ್ಲ. ಸಿದ್ಧಾಂತದ ಎರಡು ತುದಿಗಳಲ್ಲಿ ನಿಂತವರ ಸಂಬಂಧ ಉಳಿದು, ನಡುವಿನ ಬೇರೆ ಸಂಬಂಧಗಳು ಮುರಿದವು. 1937ರಲ್ಲಿ ನಾಲ್ಕನೆಯವಳು ಐದನೆಯವಳಿಗೆ ಬರೆದ ಒಂದು ಪತ್ರದ ಸಾರ ಹೀಗಿದೆ: ನನ್ನ ಧ್ಯೇಯಕ್ಕೆ ಅಗತ್ಯಬಿದ್ದರೆ ನಿನ್ನ ಗಂಡನಾಗುವವನನ್ನು ಗುಂಡಿಟ್ಟು ಕೊಲ್ಲಲು ಹಿಂಜರಿಯುವುದಿಲ್ಲ, ಅವನೂ ನನ್ನನ್ನು ಹಾಗೆಯೇ ಮಾಡಲಿ ಎಂದು ನಿರೀಕ್ಷಿಸುತ್ತೇನೆ, ಅಲ್ಲಿಯವರೆಗೆ ನಾವು ಸ್ನೇಹಿತರಾಗಿರಲು ಅಡ್ಡಿಯೇನು? ಓದಿದರೆ ಮೈ ಜುಮ್ಮೆನ್ನುತ್ತದೆ, ಏಕೆಂದರೆ ಅವಳು ತಮಾಷೆಗೆ ಬರೆದದ್ದಲ್ಲ.

ತಡೆಯಲು ಮಾಡಿದ ಪ್ರಯತ್ನಗಳು

ಹಿರಿಯಳ ಪ್ರಯತ್ನ ನಗುವಿನದು. ಅವಳೂ ಗಂಡನೊಂದಿಗೆ ಸ್ವಲ್ಪ ಕಾಲ ಫ್ಯಾಸಿಸ್ಟರ ಕಪ್ಪಂಗಿಯ ಪಕ್ಷದ ಕಡೆ ಸುಳಿದಾಡಿ ಬಂದವಳು, ಬೇಗನೆ ಬೇಸತ್ತಳು. 1935ರಲ್ಲಿ ಆ ಚಳವಳಿಯನ್ನು ಗೇಲಿ ಮಾಡುವ ಕಾದಂಬರಿ ಬರೆದಳು. ಅದರಲ್ಲಿ ನಾಲ್ಕನೆಯವಳನ್ನು ಹೋಲುವ ಹುಡುಗಿಯಿದ್ದಳು, ನಾಯಕನನ್ನು ಹೋಲುವ ನಾಯಕನಿದ್ದ. ಪ್ರಕಟಣೆಗೆ ಮೊದಲೇ ಇಬ್ಬರು ತಂಗಿಯರೂ ಸಿಡಿದೆದ್ದರು. ಅವಳು ನಾಯಕನಿಗೆ ಸಂಬಂಧಿಸಿದ ಭಾಗಗಳನ್ನು ಕತ್ತರಿಸಿದಳು, ಆದರೂ ಮೂರನೆಯವಳು ವರ್ಷಗಟ್ಟಲೆ ಮುಖ ತಿರುಗಿಸಿದಳು. ಗೇಲಿಯಿಂದ ಯಾರೂ ತಿದ್ದಿಕೊಳ್ಳಲಿಲ್ಲ. ತಂಗಿಯರ ಸಿಟ್ಟಿಗೆ ಹೆದರಿ ಗೇಲಿಯನ್ನೇ ಮೊಂಡು ಮಾಡಿದ್ದರಿಂದ ಎರಡೂ ಕೆಟ್ಟವು. ಯುದ್ಧದ ಬಳಿಕ ಆ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಲು ಅವಳೇ ಒಪ್ಪಲಿಲ್ಲ; ನಡೆದುಹೋದ ಘೋರದ ಮುಂದೆ ಆ ನಗು ಸಲ್ಲದೆಂದು ಅವಳಿಗೆ ಅನಿಸಿತ್ತು.

1936ರ ಅಕ್ಟೋಬರಿನಲ್ಲಿ ಮೂರನೆಯವಳು ಆ ನಾಯಕನನ್ನು ಬರ್ಲಿನ್ನಿನಲ್ಲಿ ನಾಜಿ ಪ್ರಚಾರ ಸಚಿವ ಗೋಬೆಲ್ಸ್ ಮನೆಯಲ್ಲಿ ಗುಟ್ಟಾಗಿ ಮದುವೆಯಾದಳು. ಅತಿಥಿಗಳಲ್ಲಿ ಹಿಟ್ಲರ್ ಒಬ್ಬ. ಪಕ್ಷದ ಬೊಕ್ಕಸಕ್ಕೆ ಹಣ ಹುಟ್ಟಿಸಲು ಜರ್ಮನ್ ನೆಲದಿಂದ ವಾಣಿಜ್ಯ ರೇಡಿಯೊ ನಡೆಸುವ ಪರವಾನಗಿಗಾಗಿ ಅವಳು ಅವನ ಬಳಿ ಮಾತುಕತೆಯನ್ನೂ ನಡೆಸಿದಳು. ನಾಲ್ಕನೆಯವಳ ಭಕ್ತಿ ಬೀದಿಗೆಲ್ಲ ಕಾಣುತ್ತಿತ್ತು. ಮೂರನೆಯವಳದು ಕೆಲಸ ಮಾಡುವ ಭಕ್ತಿ. ಪತ್ರಿಕೆಗಳ ಕಣ್ಣೆಲ್ಲ ಮೊದಲನೆಯದರ ಮೇಲಿತ್ತು.

ಐದನೆಯವಳ ವಿಷಯದಲ್ಲಿ ಕುಟುಂಬ ತನ್ನ ಬಲವನ್ನೆಲ್ಲ ತೊಡಗಿಸಿತು. 1937ರ ಫೆಬ್ರವರಿಯಲ್ಲಿ ಅವಳು ಗೆಳತಿಯರ ಹೆಸರಿನಲ್ಲಿ ಒಂದು ನಕಲಿ ಆಹ್ವಾನಪತ್ರ ಸೃಷ್ಟಿಸಿ, ತಂದೆತಾಯಿಯಿಂದಲೇ ರೈಲ್ವೆ ನಿಲ್ದಾಣದಲ್ಲಿ ಬೀಳ್ಕೊಡಿಸಿಕೊಂಡು ಫ್ರಾನ್ಸಿಗೆ ಹೊರಟಳು. ಜೊತೆಗಿದ್ದವನು ಅವಳದೇ ದೂರದ ದಾಯಾದಿ, ಚರ್ಚಿಲ್ ಪತ್ನಿಯ ಅಕ್ಕತಂಗಿಯ ಮಗ, ಸ್ಪೇನಿನ ಅಂತರ್ಯುದ್ಧದಲ್ಲಿ ಬಂಡಾಯವೆದ್ದ ಸೇನಾನಾಯಕ ಫ್ರಾಂಕೊ ವಿರುದ್ಧ ಹೋರಾಡಿ ಬಂದ ಹದಿನೆಂಟರ ಹುಡುಗ. ಇಬ್ಬರೂ ಗಣರಾಜ್ಯವಾದಿಗಳ ವಶದಲ್ಲಿದ್ದ ಬಿಲ್ಬಾವ್ ತಲುಪಿದರು. ಓಡಿಹೋಗುವ ನಿಧಿಯಲ್ಲಿ ಆಗ 50 ಪೌಂಡ್ ಇತ್ತು. ವರ್ಷಗಟ್ಟಲೆ ಎಲ್ಲರೂ ನಕ್ಕ ತಮಾಷೆ ಅದು.

ತಂದೆ ನ್ಯಾಯಾಲಯಕ್ಕೆ ಹೋಗಿ ಮಗಳನ್ನು ನ್ಯಾಯಾಲಯದ ಪಾಲನೆಗೆ ಒಳಪಡಿಸಿದರು. ವಿದೇಶಾಂಗ ಸಚಿವ ಆಂಥನಿ ಈಡನ್ ಅವರಿಂದ ಬ್ರಿಟಿಷ್ ಕಾನ್ಸುಲ್‌ಗೆ ತಂತಿ ಹೋಯಿತು. ನೌಕಾಪಡೆಯ ಡಿಸ್ಟ್ರಾಯರ್ ಹಡಗೊಂದು ಅವಳನ್ನು ಕರೆತರಲು ಬಂತು. ಇಬ್ಬರೂ ಹಡಗು ಹತ್ತಲಿಲ್ಲ. ಕೊನೆಗೆ, ನೀವು ಹೊರಡದಿದ್ದರೆ ಬಾಸ್ಕ್ ನಿರಾಶ್ರಿತರನ್ನು ಸಾಗಿಸಲು ಬ್ರಿಟನ್ ನೆರವಾಗದು ಎಂಬ ಬೆದರಿಕೆ ಬಂದ ಮೇಲಷ್ಟೇ ಸ್ಪೇನ್ ಬಿಟ್ಟರು. ಫ್ರಾನ್ಸಿನ ಬಂದರಿನಲ್ಲಿ ಹಿರಿಯಳೂ ಅವಳ ಗಂಡನೂ ಕಾದು ನಿಂತಿದ್ದರು. ತನ್ನ ಕಡೆಯವಳೆಂದು ಐದನೆಯವಳು ನಂಬಿದ್ದ ಅಕ್ಕ ಅಲ್ಲಿ ಆಡಿದ್ದು ಸಮಾಜ ಏನೆಂದೀತು ಎಂಬ ಮಾತು. ಅವರು ಮರಳಲಿಲ್ಲ. ಮೇ ತಿಂಗಳಲ್ಲಿ ಬಯೋನ್ ಪಟ್ಟಣದಲ್ಲಿ ಮದುವೆಯಾಯಿತು. ಇಬ್ಬರ ತಾಯಂದಿರೂ ಬಂದಿದ್ದರು, ತಂದೆ ಬರಲಿಲ್ಲ. ಆ ಫೆಬ್ರವರಿಯ ನಂತರ ತಂದೆ ಮಗಳು ಮತ್ತೆಂದೂ ಮುಖ ನೋಡಲಿಲ್ಲ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಬ್ಬ ಮಗಳು ಹಿಟ್ಲರನ ಮೇಜಿನಲ್ಲಿ ಊಟ ಮಾಡುತ್ತಿದ್ದಾಗ ಖರ್ಚಿಗೆ ಹಣ ಹೋಗುತ್ತಿತ್ತು. ಇನ್ನೊಬ್ಬಳು ಮದುವೆಯಿಲ್ಲದೆ ಒಬ್ಬ ಹುಡುಗನೊಂದಿಗೆ ಹೋದಾಗ ಯುದ್ಧನೌಕೆ ಹೋಯಿತು. ಅದೇ ವರ್ಷದ ಬೇಸಿಗೆಯಲ್ಲಿ ತಾಯಿ ಹದಿನೇಳರ ಕಿರಿಯಳನ್ನು ಕರೆದುಕೊಂಡು ಮ್ಯೂನಿಕ್‌ನಲ್ಲಿ ಹಿಟ್ಲರನೊಂದಿಗೆ ಚಹಾ ಕುಡಿದು ಬಂದರು.

ಯುದ್ಧ ಬಂದಾಗ

1939ರ ಸೆಪ್ಟೆಂಬರ್ 3ರಂದು ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಅದೇ ದಿನ ನಾಲ್ಕನೆಯವಳು ಮ್ಯೂನಿಕ್‌ನ ಇಂಗ್ಲಿಷ್ ಉದ್ಯಾನದಲ್ಲಿ ತಲೆಗೆ ಗುಂಡು ಹಾರಿಸಿಕೊಂಡಳು. ಸಾಯಲಿಲ್ಲ. ಗುಂಡು ತಲೆಯೊಳಗೇ ಉಳಿಯಿತು. ಆಸ್ಪತ್ರೆಯ ವೆಚ್ಚವನ್ನು ಹಿಟ್ಲರ್ ಭರಿಸಿ ಸ್ವಿಟ್ಜರ್ಲೆಂಡಿಗೆ ಕಳುಹಿಸಿದ. 1940ರ ಜನವರಿಯಲ್ಲಿ ತಾಯಿ ಮತ್ತು ಕಿರಿಯಳು ಅಲ್ಲಿಂದ ಮನೆಗೆ ತಂದರು. ಮಗುವಿನಂತಾಗಿದ್ದ ಅವಳನ್ನು ತಾಯಿ ಎಂಟು ವರ್ಷ ನೋಡಿಕೊಂಡರು. 1948ರಲ್ಲಿ ಆ ಗುಂಡಿನಿಂದಾದ ಸೋಂಕಿನಿಂದಲೇ ಸ್ಕಾಟ್ಲೆಂಡಿನ ಓಬನ್‌ನಲ್ಲಿ ತೀರಿಕೊಂಡಳು.

ತಂದೆ ಯುದ್ಧ ಶುರುವಾದೊಡನೆ ದೇಶದ ಪಕ್ಷಕ್ಕೆ ತಿರುಗಿದರು, ಹಿಂದಿನ ಮಾತನ್ನು ಹಿಂತೆಗೆದುಕೊಂಡರು. ತಾಯಿ ತಿರುಗಲಿಲ್ಲ. ಮೂವತ್ತೈದು ವರ್ಷಗಳ ದಾಂಪತ್ಯ ಅಲ್ಲಿಗೆ ಒಡೆಯಿತು. ಇಬ್ಬರೂ ಬೇರೆ ಬೇರೆ ಊರುಗಳಲ್ಲಿ ಬದುಕು ಮುಗಿಸಿದರು. ಮಕ್ಕಳ ರಾಜಕೀಯದಿಂದ ಒಡೆದ ಮನೆ ಎನ್ನುವಾಗ ಈ ಗಂಡಹೆಂಡಿರನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ.

ಒಬ್ಬನೇ ಮಗನ ಕಥೆ ಚಿಕ್ಕದು. ಫ್ಯಾಸಿಸ್ಟ್ ತಂಗಿಯರೂ ಕಮ್ಯುನಿಸ್ಟ್ ತಂಗಿಯೂ ಅವನು ತಮ್ಮ ಕಡೆಯವನೆಂದೇ ಕೊನೆಯವರೆಗೂ ನಂಬಿದ್ದರು. ಜರ್ಮನ್ನರ ಮೇಲೆ ಗುಂಡು ಹಾರಿಸಲು ಮನಸ್ಸಿಲ್ಲದೆ ಪೂರ್ವದ ರಣರಂಗವನ್ನು ಕೇಳಿ ಪಡೆದ ಅವನು 1945ರ ಮಾರ್ಚ್‌ನಲ್ಲಿ ಬರ್ಮಾದಲ್ಲಿ ಗಾಯಗೊಂಡು ಸತ್ತ.

ಎಲ್ಲಕ್ಕಿಂತ ಕಠಿಣವಾದ ನಿರ್ಧಾರ ಹಿರಿಯಳದು. 1940ರ ಮೇ ತಿಂಗಳಲ್ಲಿ ಫ್ರಾನ್ಸ್ ಕುಸಿಯುತ್ತಿದ್ದಾಗ 18ಬಿ ಎಂಬ ಯುದ್ಧಕಾಲದ ರಕ್ಷಣಾ ನಿಯಮದಡಿ ಫ್ಯಾಸಿಸ್ಟ್ ನಾಯಕನನ್ನು ವಿಚಾರಣೆಯಿಲ್ಲದೆ ಬಂಧಿಸಲಾಯಿತು. ಹೆಂಡತಿ ಇನ್ನೂ ಹೊರಗಿದ್ದಳು. ಜೂನ್‌ನಲ್ಲಿ ಹಿರಿಯಳು ವಿದೇಶಾಂಗ ಇಲಾಖೆಯ ಪರಿಚಿತ ಅಧಿಕಾರಿಯ ಬಳಿ ಹೋಗಿ, ತನ್ನ ತಂಗಿ ಜರ್ಮನಿಗೆ ಎಷ್ಟು ಸಲ ಹೋಗಿ ಬಂದಳೆಂಬುದನ್ನು ತಿಳಿಸಿ, ಅವಳು ಬಹಳ ಅಪಾಯಕಾರಿ ಎಂದು ಹೇಳಿದಳು. ಮೂರನೆಯವಳ ಮೊದಲ ಗಂಡನ ತಂದೆಯೂ ಸರ್ಕಾರಕ್ಕೆ ಅಂಥದ್ದೇ ಮಾಹಿತಿ ಕೊಟ್ಟಿದ್ದರು. ಜೂನ್ 29ರಂದು ಪೊಲೀಸರು ಬಂದರು. ಅವಳ ಮಡಿಲಲ್ಲಿ ಹನ್ನೊಂದು ವಾರದ ಕೂಸು. ಕೂಸನ್ನೂ ಅದರ ಅಣ್ಣನನ್ನೂ ಮನೆಯಲ್ಲಿ ಬಿಟ್ಟು ಹಾಲೋವೇ ಸೆರೆಮನೆಗೆ ಹೋದಳು. ಆ ಇಬ್ಬರು ಮಕ್ಕಳನ್ನು ಸಾಕಿದವಳು ಎರಡನೆಯವಳು. ಈ ಕಥೆಯಲ್ಲಿ ಅವಳಿಗೆ ಬೇರೆ ಮಾತು ಕಡಿಮೆ: ಹಸು, ತೋಟ, ಅಡುಗೆಮನೆ.

ಹಿರಿಯಳಿಗೆ ಆ ಹೊತ್ತಿಗೆ ಯುದ್ಧವೆಂದರೆ ಏನೆಂದು ಗೊತ್ತಿತ್ತು. ಹಿಂದಿನ ವರ್ಷ ಫ್ರಾನ್ಸಿನ ಪೆರ್ಪಿನ್ಯಾನ್‌ನಲ್ಲಿ ಸ್ಪೇನಿನ ನಿರಾಶ್ರಿತರ ನಡುವೆ ಗಂಡನೊಂದಿಗೆ ದುಡಿದಿದ್ದಳು. ಮುಂದೆ ಕುಟುಂಬದ ಲಂಡನ್ ಮನೆಯಲ್ಲಿ ಬಾಂಬ್ ದಾಳಿಯಿಂದ ನೆಲೆ ಕಳೆದುಕೊಂಡ ಯಹೂದಿ ಕುಟುಂಬಗಳನ್ನು ಇರಿಸಿದಾಗ ಅವರ ಊಟ ವಸತಿ ನೋಡಿಕೊಂಡಳು. ತಾಯಿ ಅದಕ್ಕೂ ಸಿಡುಕಿದರು. ತಂಗಿಯ ಮೇಲಿನ ಹಳೆಯ ಹೊಟ್ಟೆಕಿಚ್ಚು ಈ ದೂರಿನಲ್ಲಿ ಬೆರೆತಿತ್ತೆ? ಇದ್ದಿರಬಹುದು. ಅಕ್ಕತಂಗಿಯರ ನಡುವೆ ಶುದ್ಧವಾದ ಉದ್ದೇಶ ಹುಡುಕುವವರು ಅಕ್ಕತಂಗಿಯರಿಲ್ಲದವರು. ಆದರೆ ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ.

1941ರ ಡಿಸೆಂಬರಿನಲ್ಲಿ, ಮೂರನೆಯವಳ ಅಣ್ಣ, ಅಂದರೆ ಮನೆಯ ಒಬ್ಬನೇ ಮಗ, ಚರ್ಚಿಲ್ ಅವರೊಂದಿಗೆ ಊಟಕ್ಕೆ ಕುಳಿತು ಕೇಳಿಕೊಂಡ ಬಳಿಕ, ದಂಪತಿಯನ್ನು ಸೆರೆಮನೆಯಲ್ಲಿ ಒಟ್ಟಿಗೆ ಇರಿಸಲಾಯಿತು. 1943ರ ನವೆಂಬರಿನಲ್ಲಿ ಅನಾರೋಗ್ಯದ ಕಾರಣಕ್ಕೆ ಬಿಡುಗಡೆ ಮಾಡಿದಾಗ ಬೀದಿಯಲ್ಲಿ ಪ್ರತಿಭಟನೆಗಳಾದವು. ಅಮೆರಿಕಕ್ಕೆ ಹೋಗಿದ್ದ ಐದನೆಯವಳು, ಅವರನ್ನು ಒಳಗೇ ಇಡಬೇಕೆಂದು ಚರ್ಚಿಲ್ ಅವರಿಗೆ ಬರೆದಳು. ಪತ್ರ ಪತ್ರಿಕೆಯಲ್ಲೂ ಅಚ್ಚಾಯಿತು. ಅವಳ ಗಂಡ ಕೆನಡಾ ವಾಯುಪಡೆ ಸೇರಿ 1941ರ ನವೆಂಬರಿನಲ್ಲಿ ಉತ್ತರ ಸಮುದ್ರದ ಮೇಲೆ ಕಾಣೆಯಾಗಿದ್ದ. ಅಂದರೆ ಇಬ್ಬರು ಅಕ್ಕತಂಗಿಯರು ಒಬ್ಬ ಸಹೋದರಿಯ ಸೆರೆಯನ್ನು ಬಯಸಿದರು. ಒಬ್ಬಳು ಬಹಿರಂಗವಾಗಿ, ಇನ್ನೊಬ್ಬಳು ಮುಚ್ಚಿದ ಬಾಗಿಲ ಹಿಂದೆ.

ಆಮೇಲೆ ಏನಾಯಿತು

ಮಗ ಸತ್ತ ನಂತರ ಅವನ ಹೆಸರಿನಲ್ಲಿದ್ದ ಸ್ಕಾಟ್ಲೆಂಡಿನ ಪುಟ್ಟ ದ್ವೀಪ ಸಹೋದರಿಯರ ಪಾಲಿಗೆ ಬಂತು. ಉಳಿದವರು ತಾಯಿ ಅಲ್ಲಿರಲೆಂದರು. ಐದನೆಯವಳು ತನ್ನ ಪಾಲನ್ನು ಕಮ್ಯುನಿಸ್ಟ್ ಪಕ್ಷಕ್ಕೆ ಕೊಡಲು ಹೊರಟಳು. ತಂದೆ ಉಯಿಲು ಬರೆಸುವಾಗ ಮಕ್ಕಳಿಗೆಲ್ಲ ಎಂದು ಬಂದಲ್ಲೆಲ್ಲ ಅವಳನ್ನು ಹೊರಗಿಡುವ ಮಾತು ಸೇರಿಸಿದರು. 1955ರಲ್ಲಿ ಅವಳು ಇಂಗ್ಲೆಂಡಿಗೆ ಬಂದಾಗಲೂ ಭೇಟಿಯಾಗಲಿಲ್ಲ, 1958ರಲ್ಲಿ ಅವರು ತೀರಿಕೊಂಡರು. ಅವಳು ಕಮ್ಯುನಿಸ್ಟ್ ಪಕ್ಷ ಬಿಟ್ಟದ್ದೂ ಅದೇ ವರ್ಷ. ಸ್ಟಾಲಿನ್ನನ ಕಾಲದ ಅಪರಾಧಗಳು ಬಯಲಾದ 1956ರಲ್ಲೂ ಅವಳು ಬಿಟ್ಟಿರಲಿಲ್ಲ ಎಂಬುದನ್ನು ಅವಳ ಅಭಿಮಾನಿಗಳು ತುಸು ಬೇಗ ದಾಟಿಹೋಗುತ್ತಾರೆ. ಅವಳು ಓಕ್‌ಲ್ಯಾಂಡ್‌ನಲ್ಲಿ ಕರಿಯ ಜನರ ನಾಗರಿಕ ಹಕ್ಕುಗಳಿಗಾಗಿ ವರ್ಷಗಟ್ಟಲೆ ದುಡಿದಳು ಎಂಬುದನ್ನು ವಿರೋಧಿಗಳು ದಾಟಿಹೋಗುವಷ್ಟೇ ಬೇಗ.

ತಾಯಿ ಮಾತ್ರ ಈ ಮಗಳಿಗೆ ಪತ್ರ ಬರೆಯುವುದನ್ನು ಎಂದೂ ನಿಲ್ಲಿಸಲಿಲ್ಲ. 1948ರಲ್ಲಿ ಒಬ್ಬರೇ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಯಹೂದಿ ಮೂಲದ ಕಮ್ಯುನಿಸ್ಟ್ ಅಳಿಯನ ಮನೆಯಲ್ಲಿ ಉಳಿದು ಬಂದರು. ಹಿಟ್ಲರನನ್ನು ಮೆಚ್ಚಿದ್ದ ಅದೇ ತಾಯಿ. ಅವರ ವಿಚಾರ ಬದಲಾಯಿತೆಂದು ಹೇಳಲು ಆಧಾರವಿಲ್ಲ; ವಿಚಾರ ಇದ್ದಲ್ಲೇ ಇದ್ದು ಮನುಷ್ಯ ಸಂಬಂಧ ಪಕ್ಕದಲ್ಲೇ ನಡೆಯಿತು.

ಐದನೆಯವಳು ನಾಲ್ಕನೆಯವಳ ನೆನಪನ್ನು ಕೊನೆಯವರೆಗೂ ಪ್ರೀತಿಯಿಂದ ಇಟ್ಟುಕೊಂಡಳು, ಮೂರನೆಯವಳನ್ನು ಕ್ಷಮಿಸಲಿಲ್ಲ. ಸಿದ್ಧಾಂತವೊಂದೇ ಕಾರಣವಾಗಿದ್ದರೆ ಇಬ್ಬರಿಗೂ ಒಂದೇ ತೀರ್ಪು ಬರಬೇಕಿತ್ತು. ಒಬ್ಬಳು ತನ್ನ ನಂಬಿಕೆಯ ಬೆಲೆಯನ್ನು ತನ್ನ ತಲೆಯ ಮೇಲೆ ತಾನೇ ತೆತ್ತಿದ್ದಳು. ಇನ್ನೊಬ್ಬಳು ಉಳಿದಳು, ವಾದಿಸಿದಳು, ಪಶ್ಚಾತ್ತಾಪ ಪಡಲಿಲ್ಲ. 1989ರಲ್ಲಿ ಬಿಬಿಸಿ ರೇಡಿಯೊದಲ್ಲಿ ಮಾತನಾಡುವಾಗಲೂ ಅವಳು ಕೊಲೆಯಾದ ಯಹೂದಿಗಳ ಸಂಖ್ಯೆಯನ್ನೇ ಅನುಮಾನಿಸಿದಳು. ಹಾಗಿರುವಾಗ ಐದನೆಯವಳ ಹಟವನ್ನು ನಾನು ಕಲ್ಲುಹೃದಯ ಎನ್ನಲಾರೆ.

1973ರಲ್ಲಿ ಹಿರಿಯಳು ವರ್ಸೇಲ್ಸ್‌ನ ಮನೆಯಲ್ಲಿ ಕ್ಯಾನ್ಸರಿನಿಂದ ಸಾಯುತ್ತಿದ್ದಾಗ ಅವಳ ಸೇವೆಗೆ ಪದೇಪದೇ ಬರುತ್ತಿದ್ದವಳು ಪ್ಯಾರಿಸ್ಸಿನ ಹತ್ತಿರವಿದ್ದ ಮೂರನೆಯವಳು. ಐದನೆಯವಳೂ ಬಂದಳು. ಮೂವತ್ತೈದಕ್ಕೂ ಹೆಚ್ಚು ವರ್ಷಗಳ ಮೇಲೆ ಇಬ್ಬರೂ ಒಂದೇ ಮನೆಯಲ್ಲಿದ್ದು, ರೋಗಿಯ ಔಷಧಿ, ಊಟದ ಬಗ್ಗೆ ಸೌಜನ್ಯದಿಂದ ಮಾತನಾಡಿದರು. ರಾಜಕೀಯವನ್ನು ಯಾರೂ ಎತ್ತಲಿಲ್ಲ. ಹಿರಿಯಳು ತಾನು 1940ರಲ್ಲಿ ಮಾಡಿದ್ದನ್ನು ಹೇಳದೆಯೇ ಸತ್ತಳು. ಮೂರನೆಯವಳಿಗೆ ಅದು ತಿಳಿದದ್ದು ಸರ್ಕಾರಿ ಕಡತಗಳು ಹೊರಬಂದ ಮೇಲೆ.

ನಿರ್ಧಾರಗಳನ್ನು ತೂಗಿದಾಗ

ಇಂಥ ಕುಟುಂಬಗಳೊಂದಿಗೆ ಕೆಲಸ ಮಾಡುವವರು, ಇಂಥ ಕುಟುಂಬದೊಳಗೇ ಇರುವವರು, ಸಾಮಾನ್ಯವಾಗಿ ಕೇಳುವ ಪ್ರಶ್ನೆ ಯಾವಾಗ ಮಧ್ಯೆ ಬರಬೇಕಿತ್ತು ಎಂಬುದು. ಈ ಮನೆಯವರು ಮಧ್ಯೆ ಬರಲಿಲ್ಲವೆನ್ನುವಂತಿಲ್ಲ. ಮನೆಗೆ ಹೋಗಬೇಡವೆಂದರು, ನ್ಯಾಯಾಲಯಕ್ಕೆ ಹೋದರು, ಹಡಗು ತರಿಸಿದರು, ಉಯಿಲಿನಿಂದ ಹೆಸರು ಹೊಡೆದರು. ಆದರೆ ಪ್ರತಿ ಸಲವೂ ಅವರನ್ನು ಎಬ್ಬಿಸಿದ್ದು ಮರ್ಯಾದೆಗೆ ಬಂದ ಧಕ್ಕೆ ಅಥವಾ ಆಸ್ತಿ. ಮಕ್ಕಳು ಏನನ್ನು ನಂಬುತ್ತಿದ್ದಾರೆ, ಆ ನಂಬಿಕೆಯಿಂದ ಯಾರಿಗೆ ಏನಾದೀತು ಎಂಬ ಮಾತು ಊಟದ ಮೇಜಿಗೆ ಬಂದದ್ದು 1933ರ ಆ ಒಂದು ಪತ್ರದಲ್ಲಿ. ಅದನ್ನು ಬರೆದವರೇ ಆಮೇಲೆ ಅದನ್ನು ಮರೆತರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆನ್ನುವುದೂ ಇಲ್ಲಿ ಪೂರ್ತಿ ಸರಿಯಲ್ಲ, ಏಕೆಂದರೆ ಇವರು ಬಾಗಿಲನ್ನು ಸಮಯಕ್ಕೆ ಸರಿಯಾಗಿಯೇ ಹಾಕಿದ್ದರು, ಬೇರೆ ಬಾಗಿಲನ್ನು.

ಶಾಲೆಯ ನಿರಾಕರಣೆಯನ್ನೂ ನಾನು ಇದರ ಪಕ್ಕದಲ್ಲೇ ಇಡುತ್ತೇನೆ. ಶಾಲೆಗೆ ಹೋದ ಎಷ್ಟೋ ಜನ ಫ್ಯಾಸಿಸ್ಟರಾದರು, ಹಾಗಾಗಿ ಅದೊಂದೇ ಕಾರಣವೆನ್ನಲಾರೆ. ಆದರೆ ಓದು, ಕೆಲಸ, ಮನೆಯ ಹೊರಗಿನ ಗೆಳೆತನ ಯಾವುದೂ ಇಲ್ಲದ, ಚುರುಕು ಬುದ್ಧಿಯ ಹುಡುಗಿಯರಿಗೆ ಮನೆಯಿಂದ ಆಚೆ ಹೋಗಲು ಎರಡೇ ದಾರಿಗಳಿದ್ದವು, ಮದುವೆ ಅಥವಾ ಒಂದು ಧ್ಯೇಯ. ಮೂರನೆಯವಳಿಗೂ ಐದನೆಯವಳಿಗೂ ಎರಡೂ ಒಂದೇ ಗಂಡಸಿನಲ್ಲಿ ಸಿಕ್ಕವು.

ಹಿರಿಯಳ ದೂರಿನ ಬಗ್ಗೆ ಓದುಗರು ಇಬ್ಭಾಗವಾಗುತ್ತಾರೆ. ಹೆರಳ ಹಿಡಿದು ಬಾಚಿದ ತಂಗಿಯ ಮೇಲೆ ಪೊಲೀಸರನ್ನು ಬಿಡುವುದೇ ಎನ್ನುವವರಿದ್ದಾರೆ. ನನ್ನ ಮಟ್ಟಿಗೆ, ದೇಶದ ಮೇಲೆ ದಾಳಿಯ ಭಯವಿದ್ದ ಆ ತಿಂಗಳಲ್ಲಿ, ತಿಳಿದದ್ದನ್ನು ತಿಳಿಸಿದ್ದು ತಪ್ಪಲ್ಲ. ವಿಚಾರಣೆಯಿಲ್ಲದ ಬಂಧನ ಸರಿಯೇ ಎಂಬುದು ಸರ್ಕಾರ ಉತ್ತರಿಸಬೇಕಾದ ಪ್ರಶ್ನೆ. ತನ್ನ ಹಾಸಿಗೆಯ ಬಳಿ ಕುಳಿತವಳಿಗೆ ಮೂವತ್ತಮೂರು ವರ್ಷ ಅದನ್ನು ಹೇಳದಿದ್ದದ್ದು ಬೇರೆಯೇ ವಿಷಯ, ಅದಕ್ಕೆ ನನ್ನ ಬಳಿ ಸಮರ್ಥನೆ ಇಲ್ಲ.

ಕಿರಿಯಳನ್ನು ಎಲ್ಲರೂ ಈ ಪ್ರಕರಣದ ಗೆದ್ದವಳೆಂದು ತೋರಿಸುತ್ತಾರೆ. ಡ್ಯೂಕ್‌ನ ಹೆಂಡತಿಯಾಗಿ ಒಂದು ಅರಮನೆಯನ್ನೇ ಉಳಿಸಿ ನಡೆಸಿದಳು, ಎಲ್ಲರಿಗೂ ಬರೆದಳು, ಎಲ್ಲರ ಸುದ್ದಿಯನ್ನೂ ಎಲ್ಲರಿಗೂ ಮುಟ್ಟಿಸಿದಳು. ಅವಳಿಲ್ಲದಿದ್ದರೆ ಈ ಆರು ಜನರ ನಡುವಿನ ಸಾವಿರಾರು ಪತ್ರಗಳ ಓಡಾಟ ಯಾವಾಗಲೋ ನಿಂತುಹೋಗುತ್ತಿತ್ತು. ಆದರೆ ಅವಳ ಸೂತ್ರ ರಾಜಕೀಯ ಎತ್ತಬೇಡಿ ಎಂಬುದು, ಅದರ ಫಲವಾಗಿ ಮೂರನೆಯವಳನ್ನು ಮನೆಯೊಳಗೆ ಯಾರೂ ಏನನ್ನೂ ಕೇಳಲಿಲ್ಲ. 1976ರಲ್ಲಿ ಕಿರಿಯಳ ಒಂದು ಫೋಟೊ ಆಲ್ಬಮ್ ಕಾಣೆಯಾಯಿತು. ನಾಲ್ಕನೆಯವಳ ಜೀವನಚರಿತ್ರೆ ಬರೆದವನಿಗೆ ಐದನೆಯವಳೇ ಅದನ್ನು ಕೊಟ್ಟಿರಬೇಕೆಂದು ಎರಡನೆಯವಳು ಪತ್ರ ಬರೆದಳು. ಐದನೆಯವಳು ಕಳ್ಳಿ ಎಂದೆಯಾ ಎಂದು ಸಿಡಿದಳು. ಎಲ್ಲರೂ ಎಲ್ಲರಿಗೂ ಬರೆದರು, ಬಹಳ ಕಾಲ ಮನಸ್ಸು ಕಹಿಯಾಯಿತು. ನಲವತ್ತು ವರ್ಷ ನಾಜಿಗಳ ಬಗ್ಗೆ ಆಡದ ಜಗಳವನ್ನು ಅವರು ಆ ಆಲ್ಬಮ್ಮಿನ ಬಗ್ಗೆ ಆಡಿದರು.